ಮಿದುಳಿನ ಗೆಡ್ಡೆಗೆ ಕಾರಣ ಹುಡುಕುವುದು ಹೇಗೆ? ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಸ್ಕ್ಯಾನಿಂಗ್ ವರದಿ ಮನೆಗೆ ಬಂದ ದಿನವೇ ಕಾರಣಗಳ ಮೆರವಣಿಗೆ ಶುರುವಾಗುತ್ತದೆ. ಒಬ್ಬರು ಮೊಬೈಲ್ ಎನ್ನುತ್ತಾರೆ, ಇನ್ನೊಬ್ಬರು ಎದುರುಮನೆ ಮಹಡಿಯ ಮೇಲಿನ ಟವರ್ ಎನ್ನುತ್ತಾರೆ. ಹತ್ತು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದದ್ದು ಯಾರಿಗೋ ನೆನಪಾಗುತ್ತದೆ. ನಿದ್ದೆಗೆಟ್ಟದ್ದು, ಸಿಟ್ಟು, ಸೋದರಸಂಬಂಧದ ಮದುವೆ, ತಲೆಗೆ ಹಚ್ಚಿದ ಬಣ್ಣ, ಎಲ್ಲವೂ ಸಾಲಿನಲ್ಲಿ ನಿಲ್ಲುತ್ತವೆ. ಈ ಮಾತುಗಳಲ್ಲಿ ಯಾವುದಕ್ಕೆ ಆಧಾರವಿದೆ, ಯಾವುದಕ್ಕಿಲ್ಲ ಎಂದು ಸ್ವತಃ ಪರಿಶೀಲಿಸಬೇಕೆನ್ನುವವರಿಗಾಗಿ ಈ ಬರಹ. ವಿಜ್ಞಾನದ ಪದವಿ ಬೇಕಿಲ್ಲ. ಇಂಗ್ಲಿಷ್ ಓದುವ ಅಭ್ಯಾಸ, ಕೂಡಿಸಿ ಭಾಗಿಸುವ ಲೆಕ್ಕ, ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ವಯಸ್ಕರಲ್ಲಿ ಕಾಣಿಸಿಕೊಳ್ಳುವ ಬಹುಪಾಲು ಮಿದುಳಿನ ಗೆಡ್ಡೆಗಳಿಗೆ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಇಂದಿನ ವೈದ್ಯವಿಜ್ಞಾನಕ್ಕೆ ಸಾಧ್ಯವಾಗಿಲ್ಲ. ಹಾಗಾಗಿ ಹುಡುಕಾಟದ ಕೊನೆಯಲ್ಲಿ "ಗೊತ್ತಿಲ್ಲ" ಎಂಬ ಉತ್ತರ ಸಿಕ್ಕರೆ ನಿಮ್ಮ ಹುಡುಕಾಟ ಸೋತಿತೆಂದು ಅರ್ಥವಲ್ಲ. ಎರಡನೆಯದು, ಕಾರಣ ತಿಳಿಯುವವರೆಗೆ ಚಿಕಿತ್ಸೆಯನ್ನು ಮುಂದೂಡಬೇಡಿ. ಶಸ್ತ್ರಚಿಕಿತ್ಸೆ, ವಿಕಿರಣ, ಔಷಧ ಇವೆಲ್ಲ ಗೆಡ್ಡೆಯ ಬಗೆಯನ್ನು ನೋಡಿ ನಿರ್ಧಾರವಾಗುತ್ತವೆಯೇ ಹೊರತು ಅದು ಏಕೆ ಬಂತು ಎಂಬುದನ್ನು ನೋಡಿ ಅಲ್ಲ.

ಹೆಜ್ಜೆ 1: ಗೆಡ್ಡೆಯ ಪೂರ್ತಿ ಹೆಸರು ಬರೆದುಕೊಳ್ಳಿ

ಮಿದುಳಿನ ಗೆಡ್ಡೆಗಳಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಒಂದಕ್ಕೆ ಅನ್ವಯಿಸುವ ಕಾರಣ ಇನ್ನೊಂದಕ್ಕೆ ಅನ್ವಯಿಸಬೇಕಿಲ್ಲ. ಹೆಸರು ತಿಳಿಯದೆ ಕಾರಣ ಹುಡುಕಲು ಹೊರಟವರು ಸಾಮಾನ್ಯವಾಗಿ ಮೊದಲ ವಾರದಲ್ಲೇ ದಾರಿ ತಪ್ಪುತ್ತಾರೆ.

ಮೊದಲು ಕೇಳಬೇಕಾದ್ದು: ಇದು ಮಿದುಳಿನಲ್ಲೇ ಹುಟ್ಟಿದ್ದೋ, ಬೇರೆ ಕಡೆಯಿಂದ ಬಂದದ್ದೋ? ಶ್ವಾಸಕೋಶ, ಸ್ತನ, ಮೂತ್ರಪಿಂಡ, ಕರುಳು, ಚರ್ಮದ ಮೆಲನೋಮ ಮುಂತಾದ ಕ್ಯಾನ್ಸರ್‌ಗಳು ಮಿದುಳಿಗೆ ಹರಡುತ್ತವೆ. ವಯಸ್ಕರಲ್ಲಿ ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಿಂತ ಹೀಗೆ ಹರಡಿ ಬಂದವೇ ಹೆಚ್ಚು. ಅಂಥ ಸಂದರ್ಭದಲ್ಲಿ ಕಾರಣವನ್ನು ಮೂಲ ಅಂಗದ ಹೆಸರಿನಲ್ಲಿ ಹುಡುಕಬೇಕು. ಶ್ವಾಸಕೋಶದ್ದಾದರೆ ಬೀಡಿ ಸಿಗರೇಟಿನ ಪ್ರಶ್ನೆ ಬರುತ್ತದೆ, ಮೊಬೈಲಿನದಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಸ್ಕ್ಯಾನಿಂಗ್‌ನಲ್ಲಿ ಉಂಗುರದಂತೆ ಹೊಳೆಯುವ ಕಲೆ ಕಂಡ ಮಾತ್ರಕ್ಕೆ ಅದು ಗೆಡ್ಡೆಯಾಗಬೇಕಿಲ್ಲ. ಕ್ಷಯದ ಗಂಟು ಇರಬಹುದು. ಲಾಡಿಹುಳುವಿನ ಮರಿಗಳು ಮಿದುಳು ಸೇರಿ ಉಂಟುಮಾಡುವ ನ್ಯೂರೋಸಿಸ್ಟಿಸರ್ಕೋಸಿಸ್ ಕೂಡ ಇರಬಹುದು. ಇವೆರಡಕ್ಕೂ ಔಷಧವಿದೆ, ಕಾರಣವೂ ಗೊತ್ತಿದೆ. "ಗೆಡ್ಡೆ ಎಂದು ಖಚಿತವಾಯಿತೇ, ಯಾವ ಆಧಾರದ ಮೇಲೆ?" ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಮಿದುಳಿನಲ್ಲೇ ಹುಟ್ಟಿದ್ದಾದರೆ ಹಿಸ್ಟೋಪೆಥಾಲಜಿ ವರದಿಯನ್ನು (ಗೆಡ್ಡೆಯ ತುಣುಕನ್ನು ಪರೀಕ್ಷಿಸಿ ಬರೆದದ್ದು) ಹುಡುಕಿ ತೆಗೆಯಿರಿ. ಮನೆಯವರು ಜೋಪಾನ ಮಾಡಿಟ್ಟಿರುವುದು ಹೆಚ್ಚಾಗಿ ಡಿಸ್ಚಾರ್ಜ್ ಸಮ್ಮರಿಯನ್ನು ಮಾತ್ರ. ಅದರಲ್ಲಿ ಕೆಲವೊಮ್ಮೆ ಎಡಭಾಗದ ಮುಂಮಿದುಳಿನ ಗೆಡ್ಡೆ ಎಂದಷ್ಟೇ ಇರುತ್ತದೆ. ಅದು ಗೆಡ್ಡೆಯ ವಿಳಾಸವೇ ಹೊರತು ಹೆಸರಲ್ಲ. ಬೇಕಾದ ಸಾಲು ಹೀಗಿರುತ್ತದೆ: "ಗ್ಲಯೋಬ್ಲಾಸ್ಟೋಮ, ಐಡಿಎಚ್ ವೈಲ್ಡ್‌ಟೈಪ್, ಡಬ್ಲ್ಯುಎಚ್‌ಒ ಗ್ರೇಡ್ 4" ಅಥವಾ "ಮೆನಿಂಜಿಯೋಮ, ಗ್ರೇಡ್ 1" (ಮಿದುಳಿನ ಹೊದಿಕೆಯಲ್ಲಿ ಹುಟ್ಟುವ ಗೆಡ್ಡೆ). ಜೀನ್ ಪರೀಕ್ಷೆಗಳ ಫಲಿತಾಂಶ ಕೆಲವು ವಾರ ತಡವಾಗಿ ಬೇರೆ ಹಾಳೆಯಲ್ಲಿ ಬರುವುದುಂಟು. ಅದನ್ನೂ ಕೇಳಿ ಪಡೆಯಿರಿ.

ಈ ಹೆಸರುಗಳ ಹಿಂದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣವಿದೆ. ಅದರ ಪ್ರಕಾರ ಐಡಿಎಚ್ ಜೀನ್ ಬದಲಾಗದ ಗೆಡ್ಡೆಯನ್ನು ಮಾತ್ರ ವಯಸ್ಕರಲ್ಲಿ ಗ್ಲಯೋಬ್ಲಾಸ್ಟೋಮ ಎನ್ನುತ್ತಾರೆ. ಐಡಿಎಚ್ ಬದಲಾಗಿದ್ದರೆ ಆಸ್ಟ್ರೋಸೈಟೋಮ. ಅದರ ಜೊತೆಗೆ 1ಪಿ ಮತ್ತು 19ಕ್ಯು ಎಂಬ ವರ್ಣತಂತುವಿನ ತುಣುಕುಗಳೆರಡೂ ಕಳೆದುಹೋಗಿದ್ದರೆ ಆಲಿಗೋಡೆಂಡ್ರೋಗ್ಲಯೋಮ. ಹಳೆಯ ಅಧ್ಯಯನಗಳಲ್ಲಿ ಇವೆಲ್ಲ ಒಂದೇ ಗುಂಪಿನಲ್ಲಿ ಬೆರೆತಿರುತ್ತವೆ. 1995ರ ಒಂದು ಲೇಖನ ಗ್ಲಯೋಮ (ಮಿದುಳಿನ ಆಸರೆ ಕೋಶಗಳಲ್ಲಿ ಹುಟ್ಟುವ ಇಂಥ ಗೆಡ್ಡೆಗಳ ಒಟ್ಟು ಹೆಸರು) ಎಂದರೆ ಅದರೊಳಗೆ ಮೂರು ಬೇರೆ ಬೇರೆ ಕಾಯಿಲೆಗಳಿರಬಹುದು ಎಂಬ ಎಚ್ಚರದಿಂದಲೇ ಓದಬೇಕು.

ಇಲ್ಲಿ ತುಂಬ ಮನೆಗಳನ್ನು ಹೆದರಿಸುವ ಒಂದು ತಪ್ಪು ತಿಳಿವಳಿಕೆಯಿದೆ. ವರದಿಯಲ್ಲಿ ಐಡಿಎಚ್ ಮ್ಯುಟೇಷನ್, ಟರ್ಟ್ ಮ್ಯುಟೇಷನ್, ಪಿ53 ಎಂದೆಲ್ಲ ಕಂಡಾಗ "ಜೀನಿನಲ್ಲಿದೆ, ಹಾಗಾದರೆ ಮಕ್ಕಳಿಗೂ ಬರುತ್ತದೆ" ಎಂದು ಭಾವಿಸುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಆ ಬದಲಾವಣೆ ಆಗಿರುವುದು ಗೆಡ್ಡೆಯ ಜೀವಕೋಶಗಳಲ್ಲಿ ಮಾತ್ರ. ತಂದೆತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ. ವಂಶದಲ್ಲಿ ಹರಿದುಬರುವ ಬದಲಾವಣೆಯೋ ಎಂದು ತಿಳಿಯಲು ರಕ್ತದ ಪರೀಕ್ಷೆ ಬೇಕು. ಗೆಡ್ಡೆಯ ತುಣುಕಿನ ಪರೀಕ್ಷೆಯೊಂದರಿಂದ ಅದು ತೀರ್ಮಾನವಾಗುವುದಿಲ್ಲ.

ಹೆಜ್ಜೆ 2: ಈಗಾಗಲೇ ಗಟ್ಟಿಯಾಗಿರುವ ಸಂಗತಿಗಳಿಂದ ಆರಂಭಿಸಿ

ಹೊಸ ಸುದ್ದಿಯಿಂದ ಹುಡುಕಾಟ ಆರಂಭಿಸಬೇಡಿ. ದಶಕಗಳಿಂದ ನಿಂತಿರುವ ಸಾಕ್ಷ್ಯ ಯಾವುದು ಎಂದು ಮೊದಲು ನೋಡಿದರೆ ಉಳಿದವನ್ನು ಅಳೆಯಲು ಒಂದು ಅಳತೆಗೋಲು ಸಿಗುತ್ತದೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷ್ಯವಿರುವುದು ಎಕ್ಸ್-ರೇ, ಗಾಮಾ ಕಿರಣಗಳಂತಹ ಅಯಾನೀಕರಿಸುವ ವಿಕಿರಣದ ಬಗ್ಗೆ. 1948ರಿಂದ 1960ರ ನಡುವೆ ಇಸ್ರೇಲ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ತಲೆಯ ಹುಳುಕಡ್ಡಿಗೆ ಎಕ್ಸ್-ರೇ ಚಿಕಿತ್ಸೆ ಕೊಟ್ಟರು. ಆಗ ಅದು ಸಾಮಾನ್ಯ ಚಿಕಿತ್ಸೆಯೇ ಆಗಿತ್ತು. ಮಿದುಳಿಗೆ ಬಿದ್ದದ್ದು ಸರಾಸರಿ 1.5 ಗ್ರೇ (ಗ್ರೇ ಎಂದರೆ ದೇಹ ಹೀರಿಕೊಂಡ ವಿಕಿರಣದ ಅಳತೆ). ಆ ಮಕ್ಕಳನ್ನು ದಶಕಗಳ ಕಾಲ ಗಮನಿಸಿ 1988ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಮೆನಿಂಜಿಯೋಮದ ಅಪಾಯ 9.5 ಪಟ್ಟು, ಗ್ಲಯೋಮದ್ದು 2.6 ಪಟ್ಟು ಹೆಚ್ಚಿತ್ತು. ಜಪಾನಿನ ಅಣುಬಾಂಬ್ ದಾಳಿಯಲ್ಲಿ ಬದುಕುಳಿದವರಲ್ಲೂ, ಬಾಲ್ಯದಲ್ಲಿ ರಕ್ತದ ಕ್ಯಾನ್ಸರಿಗೆ ತಲೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲೂ ಇಂಥದ್ದೇ ಸಂಬಂಧ ಕಂಡಿದೆ. ಯಾರಿಗೆ ತಗುಲಿತು, ಎಷ್ಟು ತಗುಲಿತು, ಯಾವಾಗ ತಗುಲಿತು ಎಂಬ ಮೂರಕ್ಕೂ ಇಲ್ಲಿ ದಾಖಲೆಯಿದೆ. ಒಂದು ಕಾರಣ ಸಾಬೀತಾಗಿದೆ ಎಂದರೆ ಅದು ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

"ಹಾಗಾದರೆ ಸಿಟಿ ಸ್ಕ್ಯಾನ್?" ಎಂಬ ಪ್ರಶ್ನೆ ತಕ್ಷಣ ಬರುತ್ತದೆ. ಯುರೋಪಿನ ಒಂಬತ್ತು ದೇಶಗಳಲ್ಲಿ 22 ವರ್ಷದೊಳಗೆ ಸಿಟಿ ಸ್ಕ್ಯಾನ್ ಮಾಡಿಸಿಕೊಂಡ ಆರೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ಎಪಿ-ಸಿಟಿ ಅಧ್ಯಯನದ ಅಂದಾಜು ಇದು: ಹತ್ತು ಸಾವಿರ ಮಕ್ಕಳಿಗೆ ಒಂದೊಂದು ಬಾರಿ ತಲೆಯ ಸಿಟಿ ಮಾಡಿದರೆ ಮುಂದಿನ 5ರಿಂದ 15 ವರ್ಷಗಳಲ್ಲಿ ಸುಮಾರು ಒಂದು ಹೆಚ್ಚುವರಿ ಮಿದುಳಿನ ಕ್ಯಾನ್ಸರ್. ತಲೆಗೆ ಪೆಟ್ಟಾಗಿ ರಕ್ತಸ್ರಾವವಾಗಿದೆಯೋ ಎಂದು ನೋಡಬೇಕಾದ ಹೊತ್ತಿನಲ್ಲಿ ಈ ಭಯಕ್ಕೆ ಸಿಟಿ ಬೇಡವೆನ್ನುವುದು ಬುದ್ಧಿವಂತಿಕೆಯಲ್ಲ. ಎಂಆರ್‌ಐ ಯಂತ್ರದಲ್ಲಿ ಈ ಬಗೆಯ ವಿಕಿರಣವೇ ಇಲ್ಲ. ಕಳೆದ ತಿಂಗಳು ಮಾಡಿಸಿದ ಸಿಟಿಯಿಂದಲೇ ಈ ತಿಂಗಳು ಗೆಡ್ಡೆ ಬಂತು ಎಂಬ ಮಾತಿಗಂತೂ ಆಧಾರವಿಲ್ಲ. ವಿಕಿರಣದಿಂದ ಗೆಡ್ಡೆ ಬೆಳೆಯಲು ವರ್ಷಗಳು, ಹಲವೊಮ್ಮೆ ದಶಕಗಳು ಬೇಕು.

ಉಳಿದ ಗಟ್ಟಿ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ವಯಸ್ಸು ದೊಡ್ಡ ಅಂಶ. ಗ್ಲಯೋಬ್ಲಾಸ್ಟೋಮ ಅರವತ್ತರ ಆಸುಪಾಸಿನಲ್ಲಿ ಹೆಚ್ಚು, ಅದರಲ್ಲೂ ಗಂಡಸರಲ್ಲಿ. ಮೆನಿಂಜಿಯೋಮ ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಎರಡು ಪಟ್ಟು. ಬೊಜ್ಜಿಗೂ ಮೆನಿಂಜಿಯೋಮಕ್ಕೂ ಸಂಬಂಧವಿದೆಯೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಒಪ್ಪಿಕೊಂಡಿತು. ಎಚ್‌ಐವಿ ಅಥವಾ ಅಂಗ ಕಸಿಯ ನಂತರದ ಔಷಧಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಮಿದುಳಿನ ಲಿಂಫೋಮ ಹೆಚ್ಚು. ಕೆಲವು ಹಾರ್ಮೋನ್ ಔಷಧಗಳ ವಿಷಯ ಮುಂದೆ ಬರುತ್ತದೆ, ವಂಶದ ವಿಷಯ ಕೊನೆಯಲ್ಲಿ.

ಹೆಜ್ಜೆ 3: ಎಲ್ಲಿ ಹುಡುಕಬೇಕು, ಏನೆಂದು ಟೈಪ್ ಮಾಡಬೇಕು

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಪಬ್‌ಮೆಡ್ ಉಚಿತ. ವೈದ್ಯಕೀಯ ಲೇಖನಗಳ ಸಾರಾಂಶಗಳು ಅಲ್ಲಿ ಸಿಗುತ್ತವೆ. ಪಿಎಂಸಿ ಎಂಬ ಗುರುತಿರುವ ಲೇಖನಗಳನ್ನು ಪೂರ್ತಿಯಾಗಿ ಓದಬಹುದು. ಗೂಗಲ್‌ನಲ್ಲಿ ನೇರವಾಗಿ ಹುಡುಕಿದರೆ ವಕೀಲರ ಜಾಹೀರಾತು, ವಿಕಿರಣ ತಡೆಯುವ ಸ್ಟಿಕರ್ ಮಾರುವವರು, ಗೆಡ್ಡೆ ಕರಗಿಸುವ ಕಷಾಯದವರು ಮೊದಲು ಎದುರಾಗುತ್ತಾರೆ.

ಹುಡುಕಾಟದ ಪದಗಳನ್ನು ಇಂಗ್ಲಿಷಿನಲ್ಲೇ ಕೊಡಬೇಕು. ಬ್ರೈನ್ ಟ್ಯೂಮರ್ ಕಾಸಸ್ ಎಂದು ಕೊಟ್ಟರೆ ಸಾವಿರಾರು ಲೇಖನಗಳು ರಾಶಿ ಬೀಳುತ್ತವೆ. ಬದಲಿಗೆ ಮೂರು ತುಂಡುಗಳಾಗಿ ಯೋಚಿಸಿ: ಗೆಡ್ಡೆಯ ಹೆಸರು, ಶಂಕಿತ ಕಾರಣ, ಅಧ್ಯಯನದ ಬಗೆ. ಉದಾಹರಣೆಗೆ ಮೆನಿಂಜಿಯೋಮ, ಮೆಡ್ರಾಕ್ಸಿಪ್ರೊಜೆಸ್ಟರಾನ್ (ಒಂದು ಹಾರ್ಮೋನ್ ಔಷಧ), ಕೇಸ್-ಕಂಟ್ರೋಲ್ (ರೋಗಿಗಳನ್ನು ರೋಗವಿಲ್ಲದವರೊಂದಿಗೆ ಹೋಲಿಸುವ ಅಧ್ಯಯನ) ಎಂಬ ಮೂರರ ನಡುವೆ ಆಂಡ್ ಪದವನ್ನು ದೊಡ್ಡಕ್ಷರದಲ್ಲಿ ಹಾಕಿ. ನಂತರ ಎಡಬದಿಯ ಸೋಸುವ ಪಟ್ಟಿಯಲ್ಲಿ ಸಿಸ್ಟಮ್ಯಾಟಿಕ್ ರಿವ್ಯೂ ಮತ್ತು ಮೆಟಾ-ಅನಾಲಿಸಿಸ್ ಆಯ್ದುಕೊಳ್ಳಿ. ಅಧ್ಯಯನಗಳನ್ನೆಲ್ಲ ಕಲೆಹಾಕಿ ತೂಗುವ ಇಂತಹ ಲೇಖನವನ್ನು ಮೊದಲು ಓದಿ, ಬಿಡಿ ಅಧ್ಯಯನಗಳಿಗೆ ಆಮೇಲೆ ಹೋಗಿ. ಇಲಿಗಳ ಮೇಲಿನ, ಗಾಜಿನ ತಟ್ಟೆಯ ಜೀವಕೋಶಗಳ ಮೇಲಿನ ಪ್ರಯೋಗಗಳನ್ನು ಸದ್ಯಕ್ಕೆ ಬದಿಗಿಡಿ. ಅವು ಸುಳ್ಳೆಂದಲ್ಲ, ಮನುಷ್ಯರಲ್ಲಿ ಏನಾಗುತ್ತದೆ ಎಂಬ ನಿಮ್ಮ ಪ್ರಶ್ನೆಗೆ ಅವು ನೇರ ಉತ್ತರ ಕೊಡುವುದಿಲ್ಲ.

ಎಷ್ಟು ಜನರಿಗೆ ಬರುತ್ತದೆ ಎಂಬ ಲೆಕ್ಕಕ್ಕೆ ಅಮೆರಿಕದ ಮಿದುಳು ಗೆಡ್ಡೆ ನೋಂದಣಿಯ ವಾರ್ಷಿಕ ವರದಿ ಬಹಳ ವಿವರವಾದದ್ದು. ಭಾರತದಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1981ರಲ್ಲಿ ಆರಂಭಿಸಿತು. ಮೊದಲ ನೋಂದಣಿಗಳಲ್ಲಿ ಬೆಂಗಳೂರಿನದೂ ಒಂದು, ಅದನ್ನು ನಡೆಸುತ್ತಿರುವುದು ಕಿದ್ವಾಯಿ ಸಂಸ್ಥೆ. ಇಡೀ ದೇಶದ ಅಂಕಿಅಂಶ ಒಟ್ಟುಗೂಡಿಸುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವೂ ಬೆಂಗಳೂರಿನಲ್ಲೇ ಇದೆ. ಅದರ ವರದಿಗಳನ್ನು ಯಾರು ಬೇಕಾದರೂ ಓದಬಹುದು.

ಇನ್ನು ಪತ್ರಿಕೆಗಳು ತುಂಬ ಉಲ್ಲೇಖಿಸುವ ಪಟ್ಟಿ, ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯದು. ಅದು 2011ರಲ್ಲಿ ಮೊಬೈಲಿನ ರೇಡಿಯೊ ತರಂಗಗಳನ್ನು 2ಬಿ, ಅಂದರೆ "ಬಹುಶಃ ಕ್ಯಾನ್ಸರ್‌ಕಾರಕ ಇರಬಹುದು" ಎಂಬ ಗುಂಪಿಗೆ ಸೇರಿಸಿತು. ಅದೇ ಗುಂಪಿನಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ, ಪೂರ್ವ ಏಷ್ಯಾದ ಸಾಂಪ್ರದಾಯಿಕ ಉಪ್ಪುನೀರಿನ ತರಕಾರಿಗಳೂ ಇವೆ. (ನಮ್ಮ ಮಾವಿನ ಮಿಡಿಯವರು ಗಾಬರಿಯಾಗಬೇಕಿಲ್ಲ.) ಈ ಗುಂಪುಗಳು ಸಾಕ್ಷ್ಯ ಎಷ್ಟು ಗಟ್ಟಿ ಎನ್ನುವುದನ್ನು ಹೇಳುತ್ತವೆ, ಅಪಾಯ ಎಷ್ಟು ದೊಡ್ಡದು ಎನ್ನುವುದನ್ನು ಅಲ್ಲ. ಎರಡನ್ನೂ ಒಂದೇ ಎಂದುಕೊಂಡ ಸುದ್ದಿಶೀರ್ಷಿಕೆಗಳಿಂದ ಆಗಿರುವ ಗೊಂದಲ ಅಷ್ಟಿಷ್ಟಲ್ಲ.

ಹೆಜ್ಜೆ 4: ಒಂದು ಅಧ್ಯಯನವನ್ನು ಬಿಚ್ಚಿ ನೋಡಿ

ಮೊಬೈಲಿನ ವಿವಾದವನ್ನೇ ತೆಗೆದುಕೊಳ್ಳೋಣ. ಅಧ್ಯಯನ ಓದುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

2010ರಲ್ಲಿ ಪ್ರಕಟವಾದ ಇಂಟರ್‌ಫೋನ್ ಅಧ್ಯಯನ 13 ದೇಶಗಳಲ್ಲಿ ನಡೆಯಿತು. ಗ್ಲಯೋಮ ಇದ್ದ 2,708 ಜನರನ್ನು, ಅದೇ ವಯಸ್ಸಿನ ಆರೋಗ್ಯವಂತರನ್ನು ಕೂರಿಸಿಕೊಂಡು ಇದುವರೆಗೆ ಎಷ್ಟು ಹೊತ್ತು ಫೋನಿನಲ್ಲಿ ಮಾತಾಡಿದ್ದೀರಿ ಎಂದು ಕೇಳಿದರು. ಒಟ್ಟು 1,640 ಗಂಟೆಗಿಂತ ಹೆಚ್ಚು ಮಾತಾಡಿದ್ದೇವೆ ಎಂದವರಲ್ಲಿ ಗ್ಲಯೋಮದ ಸಾಧ್ಯತೆಯ ಅನುಪಾತ 1.40 (1 ಎಂದರೆ ವ್ಯತ್ಯಾಸವಿಲ್ಲ, ಅದಕ್ಕಿಂತ ಹೆಚ್ಚೆಂದರೆ ಸಾಧ್ಯತೆ ಹೆಚ್ಚು). ಪತ್ರಿಕೆಗಳು ಎತ್ತಿಕೊಂಡದ್ದು ಇದನ್ನೇ. ಆದರೆ ಅದೇ ಲೇಖನದಲ್ಲಿ ಇನ್ನೊಂದು ಅಂಕಿ ಇದೆ: ನಿಯಮಿತವಾಗಿ ಫೋನ್ ಬಳಸಿದವರೆಲ್ಲರನ್ನೂ ಸೇರಿಸಿ ನೋಡಿದರೆ ಅನುಪಾತ 0.81. ಅಂದರೆ ಮೊಬೈಲ್ ಬಳಸಿದರೆ ಗ್ಲಯೋಮ ಕಡಿಮೆಯಾಗುತ್ತದೆ! ಇದನ್ನು ಯಾರೂ ನಂಬುವುದಿಲ್ಲ, ಸಂಶೋಧಕರೂ ನಂಬಲಿಲ್ಲ. ಹಾಗಾದರೆ ಲೆಕ್ಕದಲ್ಲಿ ಎಲ್ಲೋ ಓರೆಯಿದೆ.

ಓರೆ ಎಲ್ಲಿ? ಭಾಗವಹಿಸಲು ಒಪ್ಪಿದವರ ಪ್ರಮಾಣ ನೋಡಿ. ಗ್ಲಯೋಮ ರೋಗಿಗಳಲ್ಲಿ ಶೇ 64, ಆರೋಗ್ಯವಂತರಲ್ಲಿ ಶೇ 53. ಫೋನ್ ಬಳಸದ ಆರೋಗ್ಯವಂತರು "ನಮಗೇಕೆ ಇದರ ಉಸಾಬರಿ" ಎಂದು ಹಿಂದೆ ಸರಿದರೆ, ಉಳಿದ ಗುಂಪಿನಲ್ಲಿ ಫೋನ್ ಬಳಸುವವರೇ ಹೆಚ್ಚಾಗಿ ಕಾಣುತ್ತಾರೆ, ರೋಗಿಗಳು ಹೋಲಿಕೆಯಲ್ಲಿ ಕಡಿಮೆ ಬಳಸಿದಂತೆ ತೋರುತ್ತದೆ. ಇನ್ನು ಹತ್ತು ವರ್ಷದ ಹಿಂದಿನ ಮಾತುಕತೆಯ ಗಂಟೆಗಳನ್ನು ನೆನಪಿನಿಂದ ಹೇಳುವುದು. ತಲೆಯಲ್ಲಿ ಗೆಡ್ಡೆಯಿದೆ ಎಂದು ತಿಳಿದವರು ಕಾರಣಕ್ಕಾಗಿ ತಡಕಾಡಿರುತ್ತಾರೆ, ಆರೋಗ್ಯವಂತರು ತಡಕಾಡಿರುವುದಿಲ್ಲ. ಅತಿ ಹೆಚ್ಚು ಬಳಕೆಯ ಗುಂಪಿನಲ್ಲಿ ನಂಬಲಾಗದಷ್ಟು ಗಂಟೆಗಳನ್ನು ಹೇಳಿದವರಿದ್ದರು ಎಂದು ಲೇಖಕರೇ ಬರೆದಿದ್ದಾರೆ. ಹಲ್ಲಿನ ಎಕ್ಸ್-ರೇ ಮತ್ತು ಮೆನಿಂಜಿಯೋಮದ ಸಂಬಂಧ ತೋರಿಸಿದ ಅಧ್ಯಯನಗಳಿಗೂ ಈ ನೆನಪಿನ ತೊಡಕು ಅಂಟಿಕೊಂಡಿದೆ.

ಈ ತೊಡಕನ್ನು ತಪ್ಪಿಸುವುದು ಕೋಹಾರ್ಟ್ ಅಧ್ಯಯನ: ಆರೋಗ್ಯವಂತರನ್ನು ಮೊದಲು ದಾಖಲಿಸಿಕೊಂಡು ಮುಂದೆ ಯಾರಿಗೆ ಏನಾಗುತ್ತದೆ ಎಂದು ಕಾಯುವುದು. ಬ್ರಿಟನ್‌ನ 7,76,156 ಮಹಿಳೆಯರ ಅಧ್ಯಯನ 2022ರಲ್ಲಿ ಬಂತು. ಐದು ಯುರೋಪಿಯನ್ ದೇಶಗಳ 2,64,574 ಜನರ ಕಾಸ್ಮಾಸ್ ಅಧ್ಯಯನ 2024ರಲ್ಲಿ ಬಂತು. ಎರಡರಲ್ಲೂ ಮೊಬೈಲ್ ಬಳಕೆಯಿಂದ ಮಿದುಳಿನ ಗೆಡ್ಡೆ ಹೆಚ್ಚಿದ್ದು ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ 2024ರ ಸಮಗ್ರ ವಿಮರ್ಶೆಯೂ ಅದೇ ನಿರ್ಣಯಕ್ಕೆ ಬಂತು. ಹಾಗೆಂದು ಕೋಹಾರ್ಟ್ ಎಂಬ ಹೆಸರು ಕಂಡ ತಕ್ಷಣ ಕೈಮುಗಿಯಬೇಕಿಲ್ಲ. ಡೆನ್ಮಾರ್ಕ್‌ನ ದೊಡ್ಡ ಅಧ್ಯಯನವೊಂದರಲ್ಲಿ ಕಂಪನಿಯ ಹೆಸರಿನಲ್ಲಿ ಫೋನ್ ಇಟ್ಟುಕೊಂಡಿದ್ದವರು, ಅಂದರೆ ಆ ಕಾಲಕ್ಕೆ ಅತಿ ಹೆಚ್ಚು ಮಾತಾಡುತ್ತಿದ್ದವರು, ಚಂದಾದಾರರಲ್ಲದವರ ಗುಂಪಿಗೆ ಸೇರಿಹೋಗಿದ್ದರು.

ನನ್ನ ತೀರ್ಮಾನ ಕೇಳಿದರೆ, ಈಗಿರುವ ಸಾಕ್ಷ್ಯದಲ್ಲಿ ಮೊಬೈಲಿನ ಮೇಲೆ ಅಪರಾಧ ಹೊರಿಸಲು ಬರುವುದಿಲ್ಲ. ಇಪ್ಪತ್ತೈದು ಮೂವತ್ತು ವರ್ಷ ಸತತವಾಗಿ ಬಳಸಿದವರ ಲೆಕ್ಕ ಇನ್ನೂ ಬರಬೇಕಿದೆ. ಬೇಕಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ, ಅದಕ್ಕೆ ಯಾವ ಅಧ್ಯಯನವೂ ಬೇಕಿಲ್ಲ.

ಹೆಜ್ಜೆ 5: "ಎಷ್ಟು ಪಟ್ಟು" ಎಂಬುದನ್ನು "ಎಷ್ಟು ಜನ" ಎಂದು ಬದಲಿಸಿ

2024ರಲ್ಲಿ ಫ್ರಾನ್ಸಿನ ಒಂದು ಅಧ್ಯಯನ ಸುದ್ದಿಯಾಯಿತು. ಮೆನಿಂಜಿಯೋಮಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 18,061 ಮಹಿಳೆಯರನ್ನು 90,305 ಇತರ ಮಹಿಳೆಯರೊಂದಿಗೆ ಹೋಲಿಸಿದಾಗ ಮೆಡ್ರಾಕ್ಸಿಪ್ರೊಜೆಸ್ಟರಾನ್ ಅಸಿಟೇಟ್ ಚುಚ್ಚುಮದ್ದು ಪಡೆದವರಲ್ಲಿ ಅಪಾಯದ ಅನುಪಾತ 5.55 ಎಂದು ಕಂಡುಬಂತು. ಈ ಔಷಧ ನಮಗೆ ದೂರದ್ದಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ 2017ರಿಂದ ಉಚಿತವಾಗಿ, ಮೂರು ತಿಂಗಳಿಗೊಮ್ಮೆ ಕೊಡುವ "ಅಂತರಾ" ಗರ್ಭನಿರೋಧಕ ಚುಚ್ಚುಮದ್ದು ಇದೇ. ಆದ್ದರಿಂದ ಈ ಲೇಖನವನ್ನು ನಿಧಾನವಾಗಿ ಓದಬೇಕು.

ಪಟ್ಟಿಯ ಒಳಗೆ ಹೋಗಿ. ಶಸ್ತ್ರಚಿಕಿತ್ಸೆಯಾದ 18,061 ಜನರಲ್ಲಿ ಈ ಚುಚ್ಚುಮದ್ದು ಪಡೆದಿದ್ದವರು 9. ಹೋಲಿಕೆಯ 90,305 ಜನರಲ್ಲಿ 11. ಇಷ್ಟೇ. ಅಂಕಿ ಚಿಕ್ಕದಾದ್ದರಿಂದ ನಿಜವಾದ ಅನುಪಾತ 2.27ರಿಂದ 13.56ರವರೆಗೆ ಎಲ್ಲಿ ಬೇಕಾದರೂ ಇರಬಹುದೆಂದು ಲೇಖನವೇ ಹೇಳುತ್ತದೆ. ಈ ವ್ಯಾಪ್ತಿಯನ್ನು ಯಾವಾಗಲೂ ನೋಡಿ. ಅದರ ಕೆಳತುದಿ 1ಕ್ಕಿಂತ ಕೆಳಗಿದ್ದರೆ ಅಪಾಯ ಹೆಚ್ಚಿದೆ ಎಂದು ಹೇಳಲು ಬರುವುದಿಲ್ಲ. ಇಲ್ಲಿ 1ಕ್ಕಿಂತ ಸಾಕಷ್ಟು ಮೇಲಿದೆ, ಹಾಗಾಗಿ ತಳ್ಳಿಹಾಕುವಂತಿಲ್ಲ.

ಈಗ ತಲೆ ಎಣಿಸೋಣ. ಲೆಕ್ಕದ ಸುಲಭಕ್ಕೆ ಒಂದು ಲಕ್ಷ ಮಹಿಳೆಯರಲ್ಲಿ ವರ್ಷಕ್ಕೆ 10 ಜನರಿಗೆ ಮೆನಿಂಜಿಯೋಮ ಬರುತ್ತದೆ ಎಂದಿಟ್ಟುಕೊಳ್ಳಿ. ಐದೂವರೆ ಪಟ್ಟು ಎಂದರೆ 55. ಉಳಿದ 99,945 ಜನರಿಗೆ ಬರಲಿಲ್ಲ. ಜೊತೆಗೆ ಮೆನಿಂಜಿಯೋಮಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಬೇಡದ ಗರ್ಭ, ಎಡೆಯಿಲ್ಲದ ಹೆರಿಗೆ ಇವುಗಳ ಅಪಾಯವನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕು. ಲೇಖನ ಓದಿ ಯಾರೂ ತಾವಾಗಿಯೇ ಚುಚ್ಚುಮದ್ದು ನಿಲ್ಲಿಸಬಾರದು. ಆದರೆ ಮೆನಿಂಜಿಯೋಮ ಇದೆಯೆಂದು ಗೊತ್ತಾದ ಮಹಿಳೆ ತಾನು ಈ ಚುಚ್ಚುಮದ್ದು ಪಡೆಯುತ್ತಿದ್ದೇನೆ ಎಂದು ವೈದ್ಯರಿಗೆ ಹೇಳಲೇಬೇಕು. ಹಾರ್ಮೋನ್ ಇರುವ ವಂಕಿಯಲ್ಲಿ, ಅಂದರೆ ಲೆವೊನೋರ್ಜೆಸ್ಟ್ರೆಲ್ ಸಾಧನದಲ್ಲಿ, ಇಂಥ ಅಪಾಯ ಕಾಣಲಿಲ್ಲ ಎಂಬುದೂ ಅದೇ ಅಧ್ಯಯನದ ಫಲಿತಾಂಶ.

ಪ್ರಮಾಣವನ್ನೂ ನೋಡುವುದು ಮರೆಯಬೇಡಿ. ಸೈಪ್ರೊಟರಾನ್ ಅಸಿಟೇಟ್ ಎಂಬ ಹಾರ್ಮೋನನ್ನು ವರ್ಷಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ನುಂಗಿದವರಲ್ಲಿ ಮೆನಿಂಜಿಯೋಮ ಹೆಚ್ಚುತ್ತದೆ, ಪ್ರಮಾಣ ಏರಿದಂತೆ ಅಪಾಯವೂ ಏರುತ್ತದೆ ಎಂದು ಫ್ರಾನ್ಸಿನದೇ ಅಧ್ಯಯನ 2021ರಲ್ಲಿ ತೋರಿಸಿತು. ಅದು 25 ಮಿಲಿಗ್ರಾಂ ಮತ್ತು ಅದಕ್ಕಿಂತ ಹೆಚ್ಚಿನ ಮಾತ್ರೆಗಳ ಕಥೆ. ಇಲ್ಲಿ ಪಿಸಿಒಡಿ ಇರುವವರಿಗೆ ಬರೆದುಕೊಡುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು 2 ಮಿಲಿಗ್ರಾಂ. ಔಷಧದ ಹೆಸರು ಒಂದೇ ಎಂದು ಅಲ್ಲಿನ ಫಲಿತಾಂಶವನ್ನು ಇಲ್ಲಿಗೆ ಎತ್ತಿಡಲಾಗದು.

ಹೆಜ್ಜೆ 6: ಯಾವುದು ಮೊದಲು ಆಯಿತು?

ಕಾರಣ ಮೊದಲು ಬರಬೇಕು, ಪರಿಣಾಮ ಆಮೇಲೆ. ಕೇಳಲು ಇಷ್ಟು ಸರಳವಾದರೂ ಮಿದುಳಿನ ಗೆಡ್ಡೆಯಲ್ಲಿ ಇದೇ ಕೈಕೊಡುತ್ತದೆ, ಏಕೆಂದರೆ ಗೆಡ್ಡೆ ಪತ್ತೆಯಾಗುವ ಮೊದಲೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಳಗೆ ಇದ್ದಿರುತ್ತದೆ.

ತಲೆಗೆ ಬಿದ್ದ ಪೆಟ್ಟಿನ ವಿಷಯ ನೋಡಿ. 1977ರಿಂದ 1992ರವರೆಗೆ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ 2,28,055 ಡ್ಯಾನಿಶ್ ಜನರನ್ನು ಗಮನಿಸಿದಾಗ ಮೊದಲ ವರ್ಷದಲ್ಲಿ ಮಿದುಳಿನ ಗೆಡ್ಡೆಗಳು ವಿಪರೀತ ಹೆಚ್ಚು ಕಂಡವು. ಆ ಮೊದಲ ವರ್ಷವನ್ನು ಬಿಟ್ಟು ನೋಡಿದರೆ ಹೆಚ್ಚಳ ಬಹುತೇಕ ಮಾಯ. ಅಂದರೆ ಗೆಡ್ಡೆ ಮೊದಲೇ ಇತ್ತು. ಅದರಿಂದಲೇ ಮೂರ್ಛೆಯೋ ತಲೆಸುತ್ತೋ ಬಂದು ಕೆಲವರು ಬಿದ್ದಿರಬೇಕು. ಇನ್ನು ಕೆಲವರಿಗೆ ಪೆಟ್ಟಿನ ನೆಪದಲ್ಲಿ ಮಾಡಿದ ಸ್ಕ್ಯಾನ್‌ನಲ್ಲಿ ಅದು ಸಿಕ್ಕಿರಬೇಕು. ಸ್ಕೂಟರಿನಿಂದ ಬಿದ್ದದ್ದು ಗೆಡ್ಡೆಗೆ ಕಾರಣವೋ, ಗೆಡ್ಡೆಯೇ ಬೀಳಲು ಕಾರಣವೋ ಎಂದು ತಿರುಗಿಸಿ ಕೇಳಿನೋಡಿ.

ಇದರ ಎದುರುಮುಖವೂ ಸ್ವಾರಸ್ಯವಾಗಿದೆ. ಅಲರ್ಜಿ, ಉಬ್ಬಸ ಇರುವವರಲ್ಲಿ ಗ್ಲಯೋಮ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಅಲರ್ಜಿ ಕಾಪಾಡುತ್ತದೆಯೋ, ಗೆಡ್ಡೆಯೇ ರೋಗನಿರೋಧಕ ವ್ಯವಸ್ಥೆಯನ್ನು ಕುಗ್ಗಿಸಿ ಅಲರ್ಜಿಯನ್ನು ಅಡಗಿಸುತ್ತದೆಯೋ? ಇದನ್ನು ಬಿಡಿಸಲು ನಾರ್ವೆಯಲ್ಲಿ ರೋಗ ಪತ್ತೆಯಾಗುವುದಕ್ಕೆ ವರ್ಷಗಳ ಮೊದಲೇ ಶೇಖರಿಸಿಟ್ಟಿದ್ದ ರಕ್ತದ ಮಾದರಿಗಳನ್ನು ತೆಗೆದು ಅಲರ್ಜಿಯ ಗುರುತುಗಳನ್ನು ಹುಡುಕಿದರು. ಹಳೆಯ ರಕ್ತ ನೆನಪಿನ ತಪ್ಪು ಮಾಡುವುದಿಲ್ಲ. ಸಂಬಂಧ ಅಲ್ಲೂ ಕಾಣಿಸಿತು.

ಹೆಜ್ಜೆ 7: "ನಮ್ಮ ಬೀದಿಯಲ್ಲೇ ಮೂವರಿಗೆ ಬಂದಿದೆ"

ಇಂಥ ಮಾತನ್ನು ತಳ್ಳಿಹಾಕಬೇಡಿ, ಒಪ್ಪಿಕೊಳ್ಳಲೂ ಬೇಡಿ. ಮೂವರ ಗೆಡ್ಡೆಯ ಪೂರ್ತಿ ಹೆಸರು, ಪತ್ತೆಯಾದ ವರ್ಷ, ಆಗಿನ ವಯಸ್ಸು, ಆ ಬೀದಿಗೆ ಬಂದು ಎಷ್ಟು ವರ್ಷವಾಗಿತ್ತು ಎಂಬುದನ್ನು ಅವರ ಒಪ್ಪಿಗೆ ಪಡೆದು ಬರೆದುಕೊಳ್ಳಿ. ಒಬ್ಬರದು ಪಿಟ್ಯೂಟರಿ ಗ್ರಂಥಿಯದು, ಇನ್ನೊಬ್ಬರದು ಸ್ತನದಿಂದ ಹರಡಿದ್ದು, ಮೂರನೆಯವರದು ಗ್ಲಯೋಬ್ಲಾಸ್ಟೋಮ ಎಂದಾದರೆ ಅವು ಮೂರು ಬೇರೆ ಕಾಯಿಲೆಗಳು, ಒಂದೇ ಟವರಿನ ಕೆಲಸವಾಗಿರಲಾರವು. ಒಂದೇ ಬಗೆಯ ಅಪರೂಪದ ಗೆಡ್ಡೆ, ಒಂದೇ ಕೆಲಸದ ಜಾಗದಲ್ಲಿ, ವರ್ಷಗಳ ಕಾಲ ಅಲ್ಲೇ ದುಡಿದವರಲ್ಲಿ ಕಂಡರೆ ಆಗ ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತವಾಗಿ ತಿಳಿಸಿ.

"ಮೊದಲೆಲ್ಲ ಇಷ್ಟೊಂದು ಇರಲಿಲ್ಲ" ಎಂಬ ಮಾತಿಗೂ ಪರೀಕ್ಷೆ ಬೇಕು. ಮೊದಲು ಎಂಆರ್‌ಐ ಕೂಡ ಇರಲಿಲ್ಲ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಯಾವ ತೊಂದರೆಯೂ ಇಲ್ಲದ 2,000 ಜನರ ಮಿದುಳನ್ನು ಎಂಆರ್‌ಐ ಮಾಡಿ ನೋಡಿದಾಗ ಶೇ 0.9ರಷ್ಟು ಮಂದಿಯಲ್ಲಿ ಮೆನಿಂಜಿಯೋಮ ಸಿಕ್ಕಿತು. ಹುಡುಕಿದಷ್ಟೂ ಸಿಗುವ ಗೆಡ್ಡೆಯಿದು. ಎಣಿಸುವ ನಿಯಮವೂ ಬದಲಾಗುತ್ತದೆ: ಅಮೆರಿಕದಲ್ಲಿ ಕ್ಯಾನ್ಸರ್ ಅಲ್ಲದ ಮಿದುಳಿನ ಗೆಡ್ಡೆಗಳನ್ನು ದೇಶವಿಡೀ ನೋಂದಾಯಿಸಲು ಆರಂಭಿಸಿದ್ದು 2004ರಿಂದ. ಅಲ್ಲಿಯ ಗ್ರಾಫ್ ಆ ವರ್ಷದ ನಂತರ ಏರಿದೆ ಎಂದರೆ ಗಾಳಿ ನೀರು ಕೆಟ್ಟಿತೆಂದಲ್ಲ.

ಕೃತಕ ಸಿಹಿ ಆಸ್ಪರ್ಟೇಮ್‌ನ ಕಥೆಯಲ್ಲಿ ಆದದ್ದೂ ಇದೇ. 1980ರ ದಶಕದ ಆರಂಭದಲ್ಲಿ ಅದು ಅಮೆರಿಕದ ಮಾರುಕಟ್ಟೆಗೆ ಬಂತು, ಮಿದುಳಿನ ಗೆಡ್ಡೆಗಳೂ ಆಗ ಹೆಚ್ಚಿದವು ಎಂದು 1996ರಲ್ಲಿ ಒಂದು ಲೇಖನ ಎಚ್ಚರಿಸಿತು. ಏರಿಕೆ ಆರಂಭವಾದದ್ದು ಆಸ್ಪರ್ಟೇಮ್ ಬರುವ ಮೊದಲೇ, ಸಿಟಿ ಸ್ಕ್ಯಾನರುಗಳು ಆಸ್ಪತ್ರೆಗೆ ಬಂದ ಎಪ್ಪತ್ತರ ದಶಕದಲ್ಲಿ ಎಂದು ಇತರರು ತೋರಿಸಿದರು. ಹತ್ತು ವರ್ಷದ ಬಳಿಕ ನಾಲ್ಕೂಮುಕ್ಕಾಲು ಲಕ್ಷದಷ್ಟು ಅಮೆರಿಕನ್ನರ ಆಹಾರವನ್ನು ಗಮನಿಸಿದ ಅಧ್ಯಯನದಲ್ಲೂ ಸಂಬಂಧ ಸಿಗಲಿಲ್ಲ.

ಹೆಜ್ಜೆ 8: ಮನೆತನದ ನಕ್ಷೆ

ಗ್ಲಯೋಮ ರೋಗಿಗಳಲ್ಲಿ ಸುಮಾರು ಶೇ 5ರಷ್ಟು ಮಂದಿಗೆ ಮಾತ್ರ ಕುಟುಂಬದಲ್ಲಿ ಇನ್ನೊಬ್ಬರಿಗೂ ಗ್ಲಯೋಮ ಇದ್ದ ಇತಿಹಾಸವಿರುತ್ತದೆ. 2017ರಲ್ಲಿ 12,496 ರೋಗಿಗಳ ಡಿಎನ್‌ಎ ಪರಿಶೀಲಿಸಿದ ಅಂತರರಾಷ್ಟ್ರೀಯ ಅಧ್ಯಯನ ಗ್ಲಯೋಮದ ಅಪಾಯಕ್ಕೆ ಸಂಬಂಧಿಸಿದ 13 ಹೊಸ ತಾಣಗಳನ್ನು ಡಿಎನ್‌ಎಯಲ್ಲಿ ಗುರುತಿಸಿತು. ಇವುಗಳಲ್ಲಿ ಒಂದೊಂದರ ಪಾಲೂ ತೀರ ಚಿಕ್ಕದು, ಮನೆಯವರ ಭವಿಷ್ಯ ಹೇಳಲು ಸಾಲದು.

ನಿಜವಾಗಿ ಗಮನಿಸಬೇಕಾದ್ದು ಕೆಲವೇ ಅಪರೂಪದ ವಂಶವಾಹಿ ಕಾಯಿಲೆಗಳನ್ನು. ಮೂರು ತಲೆಮಾರಿನ ನಕ್ಷೆ ಬರೆದು ಪ್ರತಿಯೊಬ್ಬರ ಕ್ಯಾನ್ಸರ್, ಅದು ಬಂದ ವಯಸ್ಸು ಗುರುತಿಸಿ. ಮೈಮೇಲೆ ಆರು ಅಥವಾ ಅದಕ್ಕಿಂತ ಹೆಚ್ಚು ಕಾಫಿ ಬಣ್ಣದ ಮಚ್ಚೆ, ಚರ್ಮದ ಕೆಳಗೆ ಮೆತ್ತನೆಯ ಗಂಟುಗಳಿದ್ದರೆ ನ್ಯೂರೋಫೈಬ್ರೊಮೆಟೋಸಿಸ್ 1 ಇರಬಹುದು. ಎರಡೂ ಕಿವಿಯ ನರದಲ್ಲಿ ಗೆಡ್ಡೆ ಅಥವಾ ಚಿಕ್ಕ ವಯಸ್ಸಿನಲ್ಲೇ ಹಲವು ಮೆನಿಂಜಿಯೋಮ ಕಂಡರೆ ನ್ಯೂರೋಫೈಬ್ರೊಮೆಟೋಸಿಸ್ 2. ಸ್ತನ, ಮೂಳೆ, ಸ್ನಾಯು, ಮಿದುಳಿನ ಕ್ಯಾನ್ಸರ್‌ಗಳು ಒಂದೇ ಮನೆಯಲ್ಲಿ ಹರೆಯದಲ್ಲೇ ಬಂದಿದ್ದರೆ ಲಿ-ಫ್ರಾಮೆನಿ. ಕರುಳಿನ ಕ್ಯಾನ್ಸರ್ ಜೊತೆಗಿದ್ದರೆ ಲಿಂಚ್. ಕಣ್ಣಿನ ಹಿಂಪರದೆ, ಮೂತ್ರಪಿಂಡ, ಕಿರುಮಿದುಳಿನಲ್ಲಿ ಗೆಡ್ಡೆಗಳಾದರೆ ವಾನ್ ಹಿಪ್ಪೆಲ್-ಲಿಂಡಾವ್.

ಸೋದರಸಂಬಂಧದ ಮದುವೆಯ ಮೇಲೆ ತಪ್ಪು ಹೊರಿಸುವವರಿಗೆ ಒಂದು ಮಾತು. ಮೇಲೆ ಹೇಳಿದವೆಲ್ಲ ತಂದೆ ಅಥವಾ ತಾಯಿ ಒಬ್ಬರಿಂದಲೇ ಬರಬಲ್ಲವು, ಮದುವೆ ಸಂಬಂಧದಲ್ಲೇ ಆಗಿತ್ತೋ ಹೊರಗೋ ಎಂಬುದು ಅವಕ್ಕೆ ಸಂಬಂಧವಿಲ್ಲ. ಹತ್ತಿರದ ಸಂಬಂಧದಲ್ಲಿ ಹೆಚ್ಚಾಗಿ ಕಾಣಿಸುವ, ಡಿಎನ್‌ಎ ದೋಷ ತಿದ್ದುವ ಜೀನುಗಳು ಎರಡೂ ಕಡೆಯಿಂದ ಕೆಟ್ಟು ಬರುವ ಒಂದು ಕಾಯಿಲೆಯಿದೆ. ಅದರಲ್ಲಿ ಗೆಡ್ಡೆಗಳು ಸಾಮಾನ್ಯವಾಗಿ ಬಾಲ್ಯದಲ್ಲೇ ಬರುತ್ತವೆ. ಅರವತ್ತು ದಾಟಿದವರ ಗ್ಲಯೋಬ್ಲಾಸ್ಟೋಮಕ್ಕೆ ಅವರ ಅಜ್ಜ ಅಜ್ಜಿಯ ಮದುವೆಯನ್ನು ಎಳೆದು ತರುವುದು ಬೇಡ.

ನಕ್ಷೆಯಲ್ಲಿ ಇಂಥ ಗುರುತು ಕಂಡರೆ ಅದನ್ನು ವೈದ್ಯಕೀಯ ತಳಿಶಾಸ್ತ್ರ ವಿಭಾಗವಿರುವ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ಸಲಹೆ ಕೇಳಿ. ಮೊದಲು ರಕ್ತ ಪರೀಕ್ಷೆ ಆಗಬೇಕಾದ್ದು ಕಾಯಿಲೆ ಇರುವವರಿಗೆ. ಅವರಲ್ಲಿ ಬದಲಾವಣೆ ಸಿಕ್ಕರೆ ಮಾತ್ರ ಮಕ್ಕಳಲ್ಲಿ ಹುಡುಕುವುದಕ್ಕೆ ಅರ್ಥವಿದೆ. ಆಸ್ಪತ್ರೆಯ ಪೆಥಾಲಜಿ ಪ್ರಯೋಗಾಲಯದಲ್ಲಿ ಗೆಡ್ಡೆಯ ತುಣುಕನ್ನು ಮೇಣದ ಬ್ಲಾಕಿನಲ್ಲಿ ಇಟ್ಟಿರುತ್ತಾರೆ. ಹೊಸ ಪರೀಕ್ಷೆಗೂ ಇನ್ನೊಬ್ಬ ತಜ್ಞರ ಅಭಿಪ್ರಾಯಕ್ಕೂ ಅದೇ ಬೇಕು. ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ, ಅರ್ಜಿ ಕೊಟ್ಟರೆ ಕೊಡುತ್ತಾರೆಯೇ ಎಂದು ಡಿಸ್ಚಾರ್ಜ್ ಆಗುವ ಮೊದಲೇ ವಿಚಾರಿಸಿ, ಬಯಾಪ್ಸಿ ಸಂಖ್ಯೆಯನ್ನು ಮನೆತನದ ನಕ್ಷೆಯ ಹಾಳೆಯಲ್ಲೇ ಬರೆದಿಡಿ.